ಹಳೆಯ ಯೆಜ್ಡಿ ಸ್ಟಾರ್ಟ್ ಆಗದಿದ್ದಾಗ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿವೆ, ಆಗಾಗ ಹಟವನ್ನೂ ಹಿಡಿಯುತ್ತವೆ. ಆಗ ಎಲ್ಲರ ಕೈಯೂ ಮೊದಲು ಕಾರ್ಬುರೇಟರ್‌ಗೇ ಹೋಗುತ್ತದೆ. ಸ್ವಲ್ಪ ತಾಳಿ. ನಾಲ್ಕಾರು ಕಿಕ್ ಹೊಡೆದು ಪ್ಲಗ್ ಬಿಚ್ಚಿ ನೋಡಿ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಟ್ಯಾಪ್, ಜೆಟ್, ಟ್ಯಾಂಕ್ ಮುಚ್ಚಳದ ಗಾಳಿತೂತು ನೋಡಿ. ಆ ತೂತು ಕಟ್ಟಿಕೊಂಡರೆ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಮುಚ್ಚಳ ತೆಗೆದರೆ ಮತ್ತೆ ಓಡುತ್ತದೆ.

ಪ್ಲಗ್ ಒದ್ದೆಯಾಗಿದ್ದರೆ ಅನುಮಾನ ಕಿಡಿಯ ಮೇಲೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಯಿರಿ. ಎಂಜಿನ್ನಿನಲ್ಲಿ ಪ್ಲಗ್ ಕೂರುವ ತೂತಿನಿಂದ ಅದು ದೂರವಿರಲಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಕಿಡಿ ನೀಲಿಯಾಗಿದ್ದರೆ ಸರಿ. ಕೆಂಪಗೆ ಮಂಕಾಗಿದ್ದರೆ ಮೊದಲು ಬ್ಯಾಟರಿ ನೋಡಿ, ಇದು ಬ್ಯಾಟರಿಯಿಂದಲೇ ಕಿಡಿ ಪಡೆಯುವ ಗಾಡಿ. ಹಾರ್ನ್ ಕ್ಷೀಣವಾಗಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಆಮೇಲೆ ಪಾಯಿಂಟ್: ಮುಖ ಒರೆಸಿ, ಸಂದು ಸುಮಾರು 0.4 ಮಿ.ಮೀ. ಇದೆಯೇ ಎಂದು ಫೀಲರ್ ಗೇಜಿನಲ್ಲಿ ಅಳೆಯಿರಿ. ಕಣ್ಣಂದಾಜು ಬೇಡ.

ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದ ಮೇಲೆ ಮಿಸ್ ಹೊಡೆದು ನಿಂತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವುದೇ? ಬಹುಮಟ್ಟಿಗೆ ಕಂಡೆನ್ಸರ್, ಇಲ್ಲವೇ ಕಾಯಿಲ್. ಕಂಡೆನ್ಸರ್ ಅಗ್ಗದ ಸಾಮಾನು. ಪರೀಕ್ಷಿಸುತ್ತ ಕೂರುವ ಬದಲು ಬದಲಾಯಿಸಿಬಿಡಿ.

ಹೊಗೆ ವಿಪರೀತವಾಗಿ, ಗೇರ್ ಆಯಿಲ್ ತಾನಾಗಿ ಇಳಿಯುತ್ತಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿದೆ. ಅದು ಎಂಜಿನ್ ಬಿಚ್ಚುವ ಕೆಲಸ, ನುರಿತ ಮೇಸ್ತ್ರಿಗೇ ಬಿಡಿ.