ಒಂದು ದಿನದ ನಿಯಮ

ಶ್ರಾವಕಾಚಾರದ ಪಾಠವನ್ನು ಓದುವಾಗ ಯಮ, ನಿಯಮ ಎಂಬೆರಡು ಶಬ್ದಗಳನ್ನು ನಾವು ಒಂದೇ ಉಸಿರಿನಲ್ಲಿ ಉಚ್ಚರಿಸಿ ಮುಂದೆ ಸಾಗುವುದುಂಟು. ಸಮಂತಭದ್ರಾಚಾರ್ಯರು ಹಾಗೆ ಸಾಗಗೊಡುವುದಿಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಲ್ಲಿ ಅವರು, ಕಾಲದ ಮಿತಿಯಿಟ್ಟು ಮಾಡಿದ ತ್ಯಾಗವು ನಿಯಮವೆಂದೂ, ಜೀವವಿರುವವರೆಗೆ ಧರಿಸಿದ ತ್ಯಾಗವು ಯಮವೆಂದೂ ಬೇರ್ಪಡಿಸಿ ಹೇಳಿದ್ದಾರೆ. ಕಾಲದ ಅಳತೆಗಳನ್ನೂ ಎಣಿಸಿದ್ದಾರೆ: ಇಂದು, ಒಂದು ಹಗಲು, ಒಂದು ಇರುಳು, ಪಕ್ಷ, ಮಾಸ, ಋತು, ಅಯನ. ಈ ಎಣಿಕೆಯ ಮೊದಲ ಅಳತೆ ಎಷ್ಟು ಕಿರಿದೆಂಬುದನ್ನು ವಾಚಕರು ಗಮನಿಸಬೇಕು. ಆ ಕಿರಿಯ ಅಳತೆಯಿಂದ ತಮ್ಮ ಬಾಳನ್ನು ಮರಳಿ ಪಡೆದ ಒಬ್ಬ ಬಡ ಶ್ರಾವಕರನ್ನು ನೆನೆಯುತ್ತ ಈ ಪಾಠವನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ; ಮಕ್ಕಳು ಮೊಮ್ಮಕ್ಕಳು ಮರ್ಯಾದೆಯಿಂದ ಬಾಳುತ್ತಿದ್ದಾರೆ. ಇಳಕಲ್ಲಿನ ಸೀರೆಗಳ ಗಂಟನ್ನು ಹೊತ್ತು ಹುನಗುಂದ, ಬಾಗಲಕೋಟೆ, ಬಾದಾಮಿಗಳ ಪೇಟೆಗೂ ಸಂತೆಗೂ ಒಯ್ಯುವುದು ಅವರ ಉದ್ಯೋಗ. ಸೀರೆಗಳು ಸಾಹುಕಾರರವು, ಹೆಗಲು ಮಾತ್ರ ಅವರದು. ಆಲಮಟ್ಟಿಯ ಹಿನ್ನೀರಿಗೆ ಮುಳುಗಡೆಯಾಗುವ ಮುಂಚಿನ ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಅವರನ್ನು ಅರಿಯದ ಅಂಗಡಿಕಾರರು ಕಡಿಮೆ. ಜನ್ಮತಃ ಜೈನರು, ಆದರೆ ಬಸದಿಯ ಮೆಟ್ಟಿಲು ಏರಿದ್ದು ಅಪರೂಪ. ಸಂಜೆಯ ಕೂಲಿ ಕೈಗೆ ಬಂದೊಡನೆ ಸಾರಾಯಿ ಅಂಗಡಿಗೆ ಹೋಗುವುದು ವಾಡಿಕೆಯಾಗಿತ್ತು. ಬರುಬರುತ್ತ ಮುಂಜಾನೆಯೂ ಅದಿಲ್ಲದೆ ಕೈ ನಿಲ್ಲದಂತಾಯಿತು. ಮನೆಯಲ್ಲಿ ಹೆಂಡತಿ ಮಗ್ಗದ ಮನೆಗಳಿಗೆ ಕಂಡಿಕೆ ಸುತ್ತಿಕೊಟ್ಟು ಮಕ್ಕಳಿಗೆ ರೊಟ್ಟಿ ಹಾಕುತ್ತಿದ್ದಳು.

ಸಪ್ತವ್ಯಸನಗಳಲ್ಲಿ ಮದ್ಯಕ್ಕೆ ಏಕೆ ಇಷ್ಟು ಗುರುತರವಾದ ಸ್ಥಾನವೆಂಬುದನ್ನು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸುತ್ತಾರೆ. ಹುಳಿತು ಬಂದ ರಸದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ಹಿಂಸೆ ಒಂದು ಕಾರಣ. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ ಎಂಬುದು ಇನ್ನೊಂದು. ನಮ್ಮ ಈ ಸಹಧರ್ಮಿಯ ಮನೆಯಲ್ಲಿ ಎರಡನೆಯ ಕಾರಣವು ಗ್ರಂಥದಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ.

ಅವರು ಎರಡು ಸಲ ವ್ರತ ತೆಗೆದುಕೊಂಡಿದ್ದರು. ಎರಡೂ ಸಲ ಹಿರಿಯರ ಒತ್ತಾಯದಿಂದ, ಪರ್ಯುಷಣದ ಸಭೆಯಲ್ಲಿ, ಎಲ್ಲರೆದುರು, ಯಾವಜ್ಜೀವ. ಮೊದಲನೆಯದು ಒಂಬತ್ತು ದಿನ ಉಳಿಯಿತು; ಎರಡನೆಯದು ಅಷ್ಟೂ ಉಳಿಯಲಿಲ್ಲ. ಆಮೇಲೆ ಜೈನರ ಓಣಿಯನ್ನು ತಪ್ಪಿಸಿ ನಡೆಯತೊಡಗಿದರು. ಇದರಲ್ಲಿ ನಮ್ಮ ಪಾಲಿನ ದೋಷವೂ ಇದೆಯೆಂದು ನನಗೆ ಈಗ ತೋರುತ್ತದೆ. ಸಭೆಯ ಜಯಕಾರ ಮುಗಿದ ಮೇಲೆ ಮರುದಿನ ಸಂಜೆ ಅವರೊಡನೆ ಯಾರಿದ್ದರು?

ಇಳಕಲ್ಲಿನಲ್ಲಿ ಆ ಕಾಲಕ್ಕೆ ಒಂದು ಹೊಸ ಭಿಕ್ಷೆ ಆರಂಭವಾಗಿತ್ತು. ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಕೇರಿಕೇರಿಗಳನ್ನು ಸುತ್ತಿದರು. ಅವರು ಕೇಳಿದ್ದು ಧಾನ್ಯವನ್ನಲ್ಲ, ಹಣವನ್ನಲ್ಲ. ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. ಬೀಡಿ, ತಂಬಾಕು, ಗುಟಕಾ, ಸಾರಾಯಿ ಆ ಜೋಳಿಗೆಗೆ ಬಿದ್ದವು. ಮಠದ ಸ್ವಾಮಿಗಳೊಬ್ಬರು ಕುಡುಕನ ಹೊಸ್ತಿಲಲ್ಲಿ ನಿಂತು ಬೇಡುವುದು ಆ ನಾಡಿಗೆ ಹೊಸದು. ಪಂಥ ಬೇರೆಯಾದರೂ ವ್ಯಸನತ್ಯಾಗದ ಈ ದೊಡ್ಡ ಕಾರ್ಯವನ್ನು ನಾವು ಗೌರವದಿಂದ ಸ್ಮರಿಸಬೇಕು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ನಮ್ಮವರೂ ಒಂದು ದಿನ ಆ ಜೋಳಿಗೆಯೆದುರು ನಿಂತರು. ಜೇಬಿನಲ್ಲಿದ್ದ ಬೀಡಿಯ ಕಟ್ಟನ್ನು ಹಾಕಿದರು. ಸಾರಾಯಿಯನ್ನು ಹಾಕುತ್ತೇನೆಂಬ ಮಾತು ಬಾಯಿಗೆ ಬರಲಿಲ್ಲ. ಎರಡು ಸಲ ಸುಳ್ಳಾದವನು ಮೂರನೆಯ ಸಲ ಒಬ್ಬ ಸಾಧುವಿನೆದುರು ಸುಳ್ಳಾಗಬಾರದೆಂಬ ಅಂಜಿಕೆ ಹಿಡಿಯಿತೆಂದು ಅವರೇ ನನಗೆ ಹೇಳಿದ್ದುಂಟು. ಆ ಅಂಜಿಕೆಯೊಡನೆ ನಡೆದು ಬಸದಿಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತರು.

ಆಗ ಪೂಜೆಗಿದ್ದ ಪಂಡಿತರು ಹೆಚ್ಚು ಮಾತಿನವರಲ್ಲ. ಎಲ್ಲವನ್ನೂ ಕೇಳಿಕೊಂಡು, “ನಾಳೆ ಮುಂಜಾನಿ ದರ್ಶನಕ್ಕ ಬರೂತನಕ ಕುಡಿಯೂದಿಲ್ಲ ಅಂತ ಹೇಳಾಕ ಆಗತೈತೇನು?” ಎಂದರು. ಅಷ್ಟು ಆಗುತ್ತದೆಂದು ಇವರು ಒಪ್ಪಿದರು. “ಹಂಗಾದರ ಅಷ್ಟ ಹೇಳು. ಉಳಿದದ್ದು ನಾಳಿಗೆ.” ನಮೋಕಾರ ಮಂತ್ರವನ್ನು ಒಂಬತ್ತು ಸಲ ಹೇಳಿಸಿ ಕಳುಹಿಸಿದರು. ಮರುದಿನ ಬಂದರು; ಮತ್ತೆ ಅದೇ ನಿಯಮ.

ಈ ವಿಷಯ ತಿಳಿದಾಗ ಹಿರಿಯರೊಬ್ಬರು ಆಕ್ಷೇಪವೆತ್ತಿದರು. ಆಕ್ಷೇಪವು ಹಗುರವಾದುದಲ್ಲ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದೆ. ತಾಂಬೂಲ, ವಾಹನ, ಆಭರಣಗಳಂಥ ಭೋಗ್ಯ ವಸ್ತುಗಳಿಗೆ ಕಾಲದ ಮಿತಿ ಇಡಬಹುದು. ಸರ್ವಥಾ ವರ್ಜ್ಯವಾದ ಮದ್ಯಕ್ಕೆ ಮಿತಿಯಿಟ್ಟರೆ ನಾಳೆ ಕುಡಿಯಲು ಅನುಮತಿ ಕೊಟ್ಟಂತಾಗುವುದಿಲ್ಲವೇ?

ಪಂಡಿತರು ಇದಕ್ಕೆ ಉತ್ತರವಾಗಿ ಖದಿರಸಾರನ ಕಥೆಯನ್ನು ನೆನಪಿಸಿದರು. ವಾಚಕರು ಬಲ್ಲ ಕಥೆಯೇ. ಮಾಂಸಾಹಾರಿಯಾದ ಆ ಬೇಡನಿಗೆ ಮುನಿಗಳು ಕಾಗೆಯ ಮಾಂಸವೊಂದನ್ನು ಬಿಡಲು ಹೇಳಿದರು. ಉಳಿದ ಮಾಂಸಕ್ಕೆ ಮುನಿಗಳು ಅನುಮತಿ ಕೊಟ್ಟರೆಂದು ಯಾರೂ ಅರ್ಥಮಾಡುವುದಿಲ್ಲ. ಅವನು ಹಿಡಿಯಬಲ್ಲಷ್ಟನ್ನು ಹಿಡಿಸಿದರು. ಮುಂದೆ ರೋಗ ಬಂದು ವೈದ್ಯರು ಅದೇ ಮಾಂಸವನ್ನು ಹೇಳಿದಾಗ ಅವನು ಪ್ರಾಣ ಬಿಡಲು ಸಿದ್ಧನಾದನೇ ಹೊರತು ಮಾತು ಬಿಡಲಿಲ್ಲ. ಹಾಗೆಯೇ ಯಮಪಾಲ ಚಾಂಡಾಲನದು ಚತುರ್ದಶಿಯೊಂದರ ಅಹಿಂಸೆ. ಹದಿನೈದು ದಿನಕ್ಕೊಂದು ದಿನದ ಆ ನಿಯಮಧಾರಿಯನ್ನೇ ಸಮಂತಭದ್ರರು ಅಹಿಂಸಾಣುವ್ರತದ ಉದಾಹರಣೆಯಾಗಿ ಹೆಸರಿಸಿದ್ದಾರೆ. ಕಾಲದ ಮಿತಿಯು ವ್ರತಿಯ ಶಕ್ತಿಯ ಅಳತೆ. ವಸ್ತುವಿನ ಯೋಗ್ಯತೆಯ ಅಳತೆಯಲ್ಲ. ಆಕ್ಷೇಪಿಸಿದ ಹಿರಿಯರು ಪೂರ್ಣ ಒಪ್ಪಿದರೆಂದು ಹೇಳಲಾರೆ, ಆದರೆ ಸುಮ್ಮನಾದರು.

ದೂರದ ಅಮೇರಿಕೆಯಲ್ಲಿ, ಆಕ್ರನ್ ಎಂಬ ನಗರದಲ್ಲಿ, 1935ರಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ ಕೂಟವೊಂದು ಇಂದು ನಮ್ಮ ದೇಶವೂ ಸೇರಿ ಹಲವು ದೇಶಗಳಲ್ಲಿ ಹಬ್ಬಿದೆ. ಈ ಒಂದು ದಿನ ಕುಡಿಯದಿರುವುದೇ ಅವರ ಸಾಧನೆಯ ಕ್ರಮ. ಪಂಡಿತರು ಅದನ್ನು ಕೇಳಿದವರೂ ಅಲ್ಲ.

ಇಲ್ಲಿ ಉಪವಾಸದ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪಾಪಪರಿಹಾರಕ್ಕೆಂದು ಮೂರು ದಿನ ಅನಶನ ಮಾಡುವುದಾಗಿ ಅವರು ಕೇಳಿದಾಗ ಪಂಡಿತರು ಬೇಡವೆಂದರು. ಮೊದಲು ವೈದ್ಯರಲ್ಲಿಗೆ ಕಳುಹಿಸಿದರು. ಇದು ವಿವೇಕದ ಮಾತು. ದಿನಂಪ್ರತಿ ಹೆಚ್ಚು ಕುಡಿದು ಒಗ್ಗಿದ ಶರೀರಕ್ಕೆ ಮದ್ಯವು ಒಮ್ಮೆಲೇ ನಿಂತಾಗ, ಮೊದಲ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ನಿದ್ರಾನಾಶಗಳು ಬರುತ್ತವೆ. ಕೆಲವರಿಗೆ ಅಪಸ್ಮಾರವೂ ಚಿತ್ತಭ್ರಮೆಯೂ ಉಂಟಾಗಿ ಪ್ರಾಣಕ್ಕೇ ಅಪಾಯವಾಗುತ್ತದೆ. ಬಹುಕಾಲ ಕುಡಿದವರಲ್ಲಿ ಬಿ-1 ಜೀವಸತ್ತ್ವದ ಕೊರತೆ ಸಾಮಾನ್ಯ. ಆಹಾರ ನಿಂತರೆ ಅದು ಮಿದುಳಿಗೆ ಹಾನಿ ಮಾಡಬಲ್ಲದು. ಆದುದರಿಂದ ಅಂಥವರು ವೈದ್ಯರ ನಿಗಾ ಇಲ್ಲದೆ ಬಿಡಲೂಬಾರದು, ಆ ದಿನಗಳಲ್ಲಿ ಉಪವಾಸವನ್ನು ಹಿಡಿಯಲೂಬಾರದು. ಬಾಹ್ಯ ತಪಸ್ಸುಗಳು ಆರು ಎಂದು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಅನಶನವು ಅವುಗಳಲ್ಲಿ ಒಂದು ಮಾತ್ರ. ಪಂಡಿತರು ಅವರಿಗೆ ವಿವಿಕ್ತಶಯ್ಯಾಸನವನ್ನು ತಮ್ಮದೇ ರೀತಿಯಲ್ಲಿ ಹೇಳಿಕೊಟ್ಟರು: ಅಂಗಡಿಯಿರುವ ಓಣಿಯಲ್ಲಿ ಹಾಯಬೇಡ, ಸುತ್ತಾದರೂ ಬೇರೆ ದಾರಿ ಹಿಡಿ, ಕೂಲಿಯನ್ನು ಸಂಜೆ ಹೆಂಡತಿಯ ಕೈಗೆ ಕೊಡಿಸು. ನಾಲ್ಕು ತಿಂಗಳು ಸಾಹುಕಾರರೂ ಹಾಗೆಯೇ ನಡೆಸಿಕೊಟ್ಟರು.

ಏಳನೆಯ ತಿಂಗಳು ಬಾದಾಮಿಯಲ್ಲಿ ನಿಯಮ ಮುರಿಯಿತು. ಸಂತೆ ಮುಗಿದಿತ್ತು, ಬಸ್ಸು ತಪ್ಪಿತ್ತು, ಹಳೆಯ ಗೆಳೆಯನೊಬ್ಬ ಸಿಕ್ಕಿದ. ಮುಂಜಾನೆ ಎಚ್ಚರವಾದಾಗ ಊರಿಗೆ ಹೋಗುವ ಧೈರ್ಯ ಬರಲಿಲ್ಲ. ಗಂಟನ್ನು ಹೊತ್ತುಕೊಂಡೇ ಬೆಟ್ಟದ ಮೆಟ್ಟಿಲು ಏರಿ ನಾಲ್ಕನೆಯ ಗುಹೆಗೆ ಹೋದರು. ಚಾಲುಕ್ಯರ ಕಾಲದ ಆ ಜೈನ ಗುಹೆಯಲ್ಲಿ ಪಾರ್ಶ್ವನಾಥರೂ ಬಾಹುಬಲಿಯೂ ಇದ್ದಾರೆ. ಬಾಹುಬಲಿಯ ಕಾಲುಗಳಿಗೆ ಬಳ್ಳಿ ಸುತ್ತಿದೆ. ಬಹಳ ಹೊತ್ತು ಅಲ್ಲಿ ಕುಳಿತಿದ್ದರಂತೆ. “ಅವರು ಒಂದ ವರ್ಷ ನಿಂತಿದ್ದರು. ನನಗ ಒಂದ ಹಗಲ ನಿಂದ್ರಿಸಿದರ ಸಾಕು ಅಂತ ಕೇಳಿಕೊಂಡ್ಯಾರೀ” ಎಂದು ನನಗೆ ಹೇಳಿದ್ದರು. ಅವರು ದೇವರೆದುರು ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲಂತೆ.

ಸಂಜೆ ಇಳಕಲ್ಲಿಗೆ ಬಂದು ಪಂಡಿತರೆದುರು ಎಲ್ಲವನ್ನೂ ಹೇಳಿದರು. ಇದನ್ನು ಅತಿಚಾರವೆಂದು ತೇಲಿಸಲಾಗದು. ವ್ರತಭಂಗವೇ ಸರಿ, ಅನಾಚಾರ. ಪಂಡಿತರು ಹಾಗೆಯೇ ಹೆಸರಿಟ್ಟು ಹೇಳಿದರು. ಆದರೆ ಮಹಾವ್ರತಿಗಳಾದ ಮುನಿಗಳಿಗೂ ಭಂಗವಾದಲ್ಲಿ ಮತ್ತೆ ಸ್ಥಾಪಿಸಿಕೊಳ್ಳಲು ಛೇದೋಪಸ್ಥಾಪನೆಯನ್ನು ಆಗಮವು ಇಟ್ಟಿರುವಾಗ, ಸಂತೆಯ ಕೂಲಿಯವನಿಗೆ ಬಾಗಿಲು ಮುಚ್ಚಲು ನಾವು ಯಾರು? ಆಲೋಚನೆ, ಪ್ರತಿಕ್ರಮಣ, ಒಂದು ತಿಂಗಳು ಬೆಲ್ಲದ ತ್ಯಾಗ, ಬಸದಿಯ ಅಂಗಳ ಗುಡಿಸುವುದು. ಆ ಮೇಲೆ ಮರುದಿನ ಮುಂಜಾನೆಯವರೆಗಿನ ನಿಯಮ.

ಆ ಬಳಿಕ ಅವರು ಕುಡಿಯಲಿಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಷ್ಟರಲ್ಲಿ ಅವರ ಪಾಲಿಗೆ ಆ ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಇಷ್ಟು ಕಾಲವಾದ ಮೇಲೆ ಯಾವಜ್ಜೀವ ವ್ರತವನ್ನೇ ಏಕೆ ಸ್ವೀಕರಿಸಬಾರದೆಂದು ನಾನೊಮ್ಮೆ ಕೇಳಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಯೆಳೆಗೆ ಕೊಂಡಿ ಹಾಕಿ ಕೂಡಿಸುತ್ತಾರಷ್ಟೆ. ಅದನ್ನೇ ಅವರು ಎತ್ತಿ ಹೇಳಿದರು. “ಒಂದೊಂದ ಎಳಿಗೆ ಕೊಂಡಿ ಹಾಕಬೇಕ್ರೀ. ಎಲ್ಲಾ ಒಮ್ಮಿಗೇ ಹಾಕತೀನಿ ಅಂದರ ಸೆರಗ ಕೂಡೂದಿಲ್ಲ.” ಕುಡಿತ ಬಿಡಲು ಬಂದ ಹುಡುಗರನ್ನು ಬಸದಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಸಂಜೆಯ ಆ ಕಠಿಣ ಹೊತ್ತನ್ನು ಅವರೊಡನೆ ಕಳೆಯುತ್ತಿದ್ದರು. ಉಪದೇಶ ಮಾಡಿದ್ದನ್ನು ನಾನು ಕಾಣೆ. ಚಹಾ ತರಿಸುತ್ತಿದ್ದರು.

ಎಂಬತ್ತರ ಸಮೀಪದಲ್ಲಿ ಹಾಸಿಗೆ ಹಿಡಿದಾಗ, ಹಳೆಯ ಪಂಡಿತರು ಇರಲಿಲ್ಲ. ಅವರ ಮಗ ದಿನವೂ ಮನೆಗೆ ಬಂದು ನಿಯಮ ಕೊಡುತ್ತಿದ್ದರು. ಒಂದು ಮುಂಜಾನೆ ಅವರು ತಾವಾಗಿಯೇ, “ಇವತ್ತು ಯಮ ಕೊಡ್ರಿ. ಇನ್ನ ಉಳಿದದ್ದು ನನ್ನ ಹಿಡಿತಕ್ಕ ಸಿಗೂವಷ್ಟ ಐತಿ” ಎಂದರು. ಕೈಮುಗಿದು ಯಾವಜ್ಜೀವ ತ್ಯಾಗವನ್ನು ಸ್ವೀಕರಿಸಿದರು. ಆಮೇಲೆ ಹನ್ನೊಂದು ದಿನ ಬದುಕಿದ್ದರು. ಮರುದಿನ ಮುಂಜಾನೆ ಪಂಡಿತರು ಸುಮ್ಮನೆ ನೋಡಿ ಹೋಗಲೆಂದು ಬಂದರೆ, ಎಂದಿನಂತೆ ಆ ದಿನದ ನಿಯಮವನ್ನು ಕೇಳಿದರು. ಅವರು ಕೊಟ್ಟರು.