ಬಾಗಿಲು ತೆರೆಯಲು ಕಟ್ಟಿದ ಶಾಲೆ

ಯುಪಿಎಸ್‌ಸಿ ಕನಸು ನಮ್ಮ ಹಾಸ್ಟೆಲ್‌ಗಳಿಗೆ ಹೊಸದಲ್ಲ. ಆದರೆ ಅಧಿಕಾರಿಗಳನ್ನು ತಯಾರು ಮಾಡುವ ಶಾಲೆಯನ್ನೇ ಒಂದು ದೇಶ ಮುಚ್ಚಿದ ಕಥೆ ಗೊತ್ತಾ?

1945ಕ್ಕೆ ಮುಂಚೆ ಫ್ರಾನ್ಸ್‌ನಲ್ಲಿ ಇಲಾಖೆಗೊಂದು ಪರೀಕ್ಷೆ. ದೊಡ್ಡ ಹುದ್ದೆಗಳು ಹೆಚ್ಚಾಗಿ ಪ್ಯಾರಿಸ್‌ನ ಉಳ್ಳವರ ಮಕ್ಕಳಿಗೇ ಸಿಗುತ್ತಿದ್ದವು. ಇದನ್ನು ತಪ್ಪಿಸಲೆಂದೇ ಆ ವರ್ಷ ಡಿ ಗಾಲ್ ಸರ್ಕಾರ ರಾಷ್ಟ್ರೀಯ ಆಡಳಿತ ಶಾಲೆ 'ಎನಾ'ವನ್ನು ಸ್ಥಾಪಿಸಿತು. ಯೋಜನೆ ಮಿಷೆಲ್ ದೆಬ್ರೆ ಅವರದು. ವಿದ್ಯಾರ್ಥಿಗಳಿಗೆ ಒಂದು ಪ್ರವೇಶ ಪರೀಕ್ಷೆ, ಆಗಲೇ ಸರ್ಕಾರಿ ಕೆಲಸದಲ್ಲಿದ್ದವರಿಗೆ ಇನ್ನೊಂದು.

ಕೋರ್ಸ್ ಮುಗಿದಾಗ ರ‍್ಯಾಂಕ್ ಪಟ್ಟಿ ಬರುತ್ತಿತ್ತು. ಮೇಲಿನ ರ‍್ಯಾಂಕಿನವರು ಹಣಕಾಸು ತಪಾಸಣೆಯಂಥ ಪ್ರತಿಷ್ಠಿತ ವಿಭಾಗಗಳನ್ನು ಆರಿಸಿಕೊಳ್ಳುತ್ತಿದ್ದರು. ಹರೆಯದಲ್ಲಿ ಪಡೆದ ರ‍್ಯಾಂಕ್ ಜೀವನಪೂರ್ತಿ ಜೊತೆಗಿರುತ್ತಿತ್ತು. ಜಿಸ್ಕಾರ್ ದೆಸ್ತಾಂ, ಶಿರಾಕ್, ಒಲಾಂದ್, ಮ್ಯಾಕ್ರಾನ್ ಈ ನಾಲ್ವರು ಅಧ್ಯಕ್ಷರೂ ಇಲ್ಲಿಯವರೇ.

ಬರಬರುತ್ತಾ ಶಾಲೆಯೊಳಗೆ ಮತ್ತೆ ಓದಿದ, ಅನುಕೂಲಸ್ಥ ಮನೆಗಳ ಮಕ್ಕಳೇ ತುಂಬಿಕೊಂಡರು. 2018ರಲ್ಲಿ 'ಹಳದಿ ಜಾಕೆಟ್' ಚಳವಳಿ ಶುರುವಾದಾಗ ಆಳುವವರ ಮೇಲಿನ ಜನರ ಸಿಟ್ಟು ಬೀದಿಗೆ ಬಂತು. ಕೊನೆಗೆ ಅದೇ ಶಾಲೆಯ ವಿದ್ಯಾರ್ಥಿ ಮ್ಯಾಕ್ರಾನ್ ಅದನ್ನು ಮುಚ್ಚಿದರು. 2022ರ ಜನವರಿ 1ರಿಂದ ಅದರ ಜಾಗದಲ್ಲಿ ಹೊಸ ಸಂಸ್ಥೆಯಿದೆ.

ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಇರಬಹುದು. ಆದರೆ ಅದರ ಮುಂದೆ ಕೂರುವವರೆಗಿನ ದಾರಿ ಎಲ್ಲರಿಗೂ ಒಂದೇ ಅಲ್ವಲ್ಲ! ಹೊಸ ಸಂಸ್ಥೆಯ ಮುಂದಿರುವ ಸವಾಲೂ ಇದೇ.