ಸಾಲವೇ ಮಾಡದವರು ಸಿಬಿಲ್ ಸ್ಕೋರ್ ಕಟ್ಟಿಕೊಳ್ಳಲು: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಮೊದಲ ಸಂಬಳ ಕೈಗೆ ಬಂದವರಿಗೆ, ವ್ಯವಹಾರವನ್ನೆಲ್ಲ ನಗದಿನಲ್ಲೇ ನಡೆಸಿದ ಅಂಗಡಿಯವರಿಗೆ, ತಮ್ಮ ಹೆಸರಿನಲ್ಲಿ ಯಾವ ಸಾಲವೂ ಇಲ್ಲದ ಗೃಹಿಣಿಯರಿಗೆ.

“ಯಾರ ಹತ್ತಿರವೂ ಒಂದು ರೂಪಾಯಿ ಸಾಲ ಮಾಡಿಲ್ಲ” ಎಂಬುದು ಊರಿನಲ್ಲಿ ಮರ್ಯಾದೆಯ ಮಾತು. ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಅದು ಖಾಲಿ ಹಾಳೆ. ಸಾಲ ತೀರಿಸುವ ಶಿಸ್ತನ್ನು ಬ್ಯಾಂಕುಗಳು ಅಳೆಯುವ ಅಂಕವೇ ಸಿಬಿಲ್ ಸ್ಕೋರ್. ಅದು 300ರಿಂದ 900ರ ನಡುವೆ ಇರುತ್ತದೆ. 750 ದಾಟಿದರೆ ಸಾಲ ಕೊಡುವವರು ಸಾಮಾನ್ಯವಾಗಿ ಒಳ್ಳೆಯದೆನ್ನುತ್ತಾರೆ. ಸಾಲದ ಇತಿಹಾಸವೇ ಇಲ್ಲದವರಿಗೆ ಈ ಅಂಕ ಹುಟ್ಟುವುದೇ ಇಲ್ಲ. ಸಂಬಳ, ಉಳಿತಾಯ ಖಾತೆಯ ಮೊತ್ತ, ಪಿಗ್ಮಿ, ಚೀಟಿ ಇವು ಯಾವುವೂ ಸ್ಕೋರಿಗೆ ಸೇರುವುದಿಲ್ಲ. ಅಲ್ಲಿ ನೋಡುವುದು ಪಡೆದ ಸಾಲವನ್ನು ಗಡುವಿನೊಳಗೆ ಕಟ್ಟಿದ್ದೀರಾ ಎಂಬುದನ್ನು. ಆದ್ದರಿಂದ ನಿಮಗೆ ಬೇಕಾದ್ದು ಒಂದೇ ಒಂದು ಚಿಕ್ಕ ಸಾಲದ ಖಾತೆ ಮತ್ತು ತಪ್ಪದ ಪಾವತಿ.

ಮಾಡಬೇಕಾದ್ದು

1. ಮೊದಲು ನಿಮ್ಮ ವರದಿ ತೆಗೆದು ನೋಡಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್: ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಏನೂ ಇರಲಾರದು ಎಂದುಕೊಂಡಿದ್ದ ಕಡೆ ಹಳೆಯ ಮೊಬೈಲ್ ಕಂತೋ ಸ್ವಸಹಾಯ ಸಂಘದ ಸಾಲವೋ ಕಾಣಿಸಬಹುದು. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ.

2. ನಿಶ್ಚಿತ ಠೇವಣಿಯ (ಎಫ್‌ಡಿ) ಮೇಲೆ ಕ್ರೆಡಿಟ್ ಕಾರ್ಡ್ ಪಡೆಯಿರಿ. ಇತಿಹಾಸ ಇಲ್ಲದವರಿಗೆ ಇದೇ ಸುರಕ್ಷಿತ ದಾರಿ. ಎಫ್‌ಡಿ ಭದ್ರತೆಯಾಗಿರುವುದರಿಂದ ಬ್ಯಾಂಕ್ ಹಿಂಜರಿಯುವುದಿಲ್ಲ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಆದರೆ ಬಾಕಿ ಕಟ್ಟದಿದ್ದರೆ ಬ್ಯಾಂಕ್ ಆ ಠೇವಣಿಯಿಂದಲೇ ವಸೂಲಿ ಮಾಡಬಹುದು.

3. ಕಾರ್ಡಿನ ಮಿತಿಯ ಶೇ. 30ರೊಳಗೆ ಖರ್ಚು ಮಾಡಿ. 20,000 ರೂಪಾಯಿ ಠೇವಣಿಗೆ 16,000 ರೂಪಾಯಿ ಮಿತಿ ಸಿಕ್ಕಿತೆನ್ನಿ. ತಿಂಗಳ ಖರ್ಚು 4,800 ದಾಟದಿರಲಿ. ಹೇಗೂ ಮಾಡಬೇಕಾದ ದಿನಸಿ, ಪೆಟ್ರೋಲ್, ಕರೆಂಟ್ ಬಿಲ್ಲಿಗೆ ಮಾತ್ರ ಕಾರ್ಡ್ ಬಳಸಿ.

4. ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿಗೆ ಮುಂಚೆ ಕಟ್ಟಿ. ಖಾತೆಯಿಂದ ಪೂರ್ತಿ ಮೊತ್ತ ತಾನಾಗಿ ಕಡಿತವಾಗುವಂತೆ ಸೂಚನೆ ಕೊಟ್ಟಿಡಿ. ಆ ದಿನ ಖಾತೆಯಲ್ಲಿ ದುಡ್ಡಿರುವಂತೆ ನೋಡಿಕೊಳ್ಳಿ. ಸ್ಕೋರಿನಲ್ಲಿ ಅತಿ ಹೆಚ್ಚು ತೂಕ ಗಡುವು ತಪ್ಪದ ಪಾವತಿಗೇ.

5. ಸಾಲ ಕೊಡುವವರು ಸ್ಕೋರ್ ಸಂಸ್ಥೆಗಳಿಗೆ ವರದಿ ಮಾಡುತ್ತಾರೆಯೇ ಎಂದು ಮೊದಲೇ ಕೇಳಿ. ಬ್ಯಾಂಕಿನ ಚಿನ್ನದ ಸಾಲ, ದ್ವಿಚಕ್ರ ವಾಹನದ ಸಾಲ, ಕಿರುಸಾಲ ದಾಖಲಾಗುತ್ತವೆ. ಬೀದಿಯ ಲೇವಾದೇವಿಗಾರರಿಗೆ ಎಷ್ಟು ವರ್ಷ ಬಡ್ಡಿ ತೆತ್ತರೂ ನಿಮ್ಮ ಹೆಸರಿಗೆ ಒಂದಂಕವೂ ಜಮೆಯಾಗುವುದಿಲ್ಲ.

6. ಮೊದಲ ಕಾರ್ಡನ್ನು ಉಳಿಸಿಕೊಳ್ಳಿ. ಖಾತೆ ಹಳೆಯದಾದಷ್ಟೂ ಒಳ್ಳೆಯದು. ವಾರ್ಷಿಕ ಶುಲ್ಕ ಇಲ್ಲದ ಕಾರ್ಡನ್ನೇ ಆರಿಸಿಕೊಂಡರೆ ಇದು ಸುಲಭ.

7. ಸಾಲ ತೀರಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ಒಂದೆರಡು ತಿಂಗಳ ನಂತರ ವರದಿಯಲ್ಲಿ ಆ ಖಾತೆ ‘ಮುಕ್ತಾಯ’ ಎಂದು ದಾಖಲಾಗಿದೆಯೇ ನೋಡಿ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಈ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕೆಂಬ ನಿಯಮ ಜಾರಿಗೆ ಬಂತು. “ಇನ್ನೂ ಅಪ್‌ಡೇಟ್ ಆಗಿಲ್ಲ” ಎಂಬ ಮಾತನ್ನು ತಿಂಗಳುಗಟ್ಟಲೆ ಕೇಳಿಕೊಂಡು ಕೂರಬೇಕಿಲ್ಲ.

8. ತಪ್ಪು ಕಂಡರೆ ಕೂಡಲೇ ಲಿಖಿತ ದೂರು ಕೊಡಿ. ನಿಮ್ಮದಲ್ಲದ ಸಾಲ, ತಪ್ಪು ಪಾನ್ ಸಂಖ್ಯೆ, ಕಟ್ಟಿದ ಕಂತನ್ನು ಬಾಕಿ ಎಂದು ತೋರಿಸಿರುವುದು: ಯಾವುದನ್ನೂ ಬಿಡಬೇಡಿ. 30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕೆಂದು ರಿಸರ್ವ್ ಬ್ಯಾಂಕ್ (ಆರ್‌ಬಿಐ) ವಿಧಿಸಿದೆ. ಆಗಲೂ ಸರಿಹೋಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಬರೆಯಿರಿ.

ಮಾಡಬಾರದ್ದು

1. ‘ಕನಿಷ್ಠ ಪಾವತಿ’ಯ ಬಲೆಗೆ ಬೀಳಬೇಡಿ. ಬಿಲ್ಲಿನ ಕೆಳಗೆ ಅಚ್ಚಾಗಿರುವ ಆ ಚಿಕ್ಕ ಮೊತ್ತ ಕಟ್ಟಿದರೆ ಸುಸ್ತಿದಾರ ಎನಿಸಿಕೊಳ್ಳುವುದು ತಪ್ಪೀತು, ಬಡ್ಡಿ ತಪ್ಪುವುದಿಲ್ಲ. ಉಳಿದ ಬಾಕಿಗೆ ತಿಂಗಳಿಗೆ ಶೇ. 3ಕ್ಕೂ ಮೇಲ್ಪಟ್ಟ ಬಡ್ಡಿ ಸಾಮಾನ್ಯ. ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ.

2. ಗಡುವಿನ ನಂತರದ ಮೂರು ದಿನವನ್ನು ರಜೆ ಎಂದುಕೊಳ್ಳಬೇಡಿ. ಕಾರ್ಡ್ ಬಾಕಿ ಮೂರು ದಿನ ಮೀರಿದ ಮೇಲಷ್ಟೇ ತಡಪಾವತಿ ಎಂದು ವರದಿ ಮಾಡಬೇಕೆಂಬ ನಿಯಮ ಇರುವುದು ನಿಜ. ಅದು ಸರ್ವರ್ ಕೈಕೊಟ್ಟ ದಿನಕ್ಕೆ ಮಾತ್ರ ಇರಲಿ. ಮೀರಿದರೆ ದಿನಗಳ ಎಣಿಕೆ ಮೂಲ ಗಡುವಿನಿಂದಲೇ ಶುರುವಾಗುತ್ತದೆ.

3. ಒಂದೇ ವಾರದಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ವರದಿ ತೆಗೆಸುತ್ತದೆ, ಅದು ದಾಖಲಾಗುತ್ತದೆ. ಒಂದು ಕಡೆ ತಿರಸ್ಕೃತವಾದರೆ ಕಾರಣ ಕೇಳಿ. ಅದನ್ನು ಸರಿಪಡಿಸಿಕೊಂಡು ಕೆಲವು ತಿಂಗಳ ನಂತರ ಮತ್ತೆ ಅರ್ಜಿ ಹಾಕಿ.

4. ನಿಮ್ಮ ಹೆಸರಿನಲ್ಲಿ ಬೇರೆಯವರಿಗೆ ಸಾಲ ತೆಗೆದುಕೊಡಬೇಡಿ. ಸಂಘದಲ್ಲಿ ಸಾಲ ಎತ್ತಿ ನಾದಿನಿಗೆ ಕೊಡುವುದು, ಗೆಳೆಯನ ಬೈಕನ್ನು ನಿಮ್ಮ ಹೆಸರಿನ ಕಂತಿನಲ್ಲಿ ಕೊಡಿಸುವುದು ನಮ್ಮಲ್ಲಿ ಮಾಮೂಲು. ಅವರು ಕಂತು ತಪ್ಪಿಸಿದರೆ ಕೆಡುವುದು ನಿಮ್ಮ ದಾಖಲೆ. ಜಾಮೀನು ಸಹಿಗೂ ಇದೇ ಮಾತು: ಸಾಲಗಾರ ಕೈಯೆತ್ತಿದರೆ ಬ್ಯಾಂಕ್ ನಿಮ್ಮ ಬಾಗಿಲಿಗೆ ಬರುತ್ತದೆ. ದಾಕ್ಷಿಣ್ಯಕ್ಕೆ ಸಹಿ ಹಾಕಬೇಡಿ.

5. ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬುದನ್ನು ಸಾಲವಲ್ಲ ಎಂದು ತಿಳಿಯಬೇಡಿ. ಆ್ಯಪ್‌ನಲ್ಲಿ ಎರಡು ಸಲ ಒತ್ತಿದರೆ ಸಿಗುವ 800 ರೂಪಾಯಿಯೂ ಸಾಲದ ಖಾತೆಯಾಗಿ ನಿಮ್ಮ ವರದಿಯಲ್ಲಿ ಕೂರಬಹುದು. ಮರೆತ 800 ರೂಪಾಯಿ ನಾಳಿನ ಗೃಹಸಾಲಕ್ಕೆ ಅಡ್ಡ ಬಂದೀತು. ಆರ್‌ಬಿಐ ಜಾಲತಾಣದ ಡಿಜಿಟಲ್ ಸಾಲ ಆ್ಯಪ್‌ಗಳ ಪಟ್ಟಿಯಲ್ಲಿ ಇಲ್ಲದ ಆ್ಯಪನ್ನು ಮುಟ್ಟಲೇಬೇಡಿ.

6. ‘ಸೆಟಲ್‌ಮೆಂಟ್’ ಮಾಡಿಕೊಂಡು ಗೆದ್ದೆನೆಂದು ಬೀಗಬೇಡಿ. ಬ್ಯಾಂಕು ಸ್ವಲ್ಪ ಹಣ ಬಿಟ್ಟುಕೊಟ್ಟು ಸಾಲದ ಖಾತೆ ಮುಗಿಸಿದರೆ ವರದಿಯಲ್ಲಿ ‘ಸೆಟಲ್ಡ್’ ಎಂದು ವರ್ಷಗಟ್ಟಲೆ ಉಳಿಯುತ್ತದೆ. ಮುಂದೆ ಸಾಲ ಕೊಡುವವರಿಗೆ ಅದರರ್ಥ ಪೂರ್ತಿ ತೀರಿಸಿಲ್ಲ ಎಂದೇ.

7. ಹಣ ಕೊಟ್ಟು ಸ್ಕೋರ್ ಏರಿಸಿಕೊಳ್ಳಲು ಹೋಗಬೇಡಿ. ವಾರದಲ್ಲಿ 100 ಅಂಕ ಏರಿಸುತ್ತೇವೆ ಎನ್ನುವವರಿಗೆ ಪಾನ್, ಆಧಾರ್, ಒಟಿಪಿ ಕೊಡಬೇಡಿ. ನಿಜವಾದ ಬಾಕಿಯನ್ನು ಯಾವ ದಲ್ಲಾಳಿಯೂ ಅಳಿಸಲಾರ.

8. ಸ್ಕೋರಿಗಾಗಿಯೇ ಬೇಡದ ಸಾಲ ಮಾಡಬೇಡಿ. ಒಂದು ಕಾರ್ಡ್ ಸಾಕು. ಅಂಕಕ್ಕೋಸ್ಕರ ವೈಯಕ್ತಿಕ ಸಾಲ ತೆಗೆದು ಬಡ್ಡಿ ಕಟ್ಟುವುದು ದಂಡ.

ಇತಿಹಾಸ ಇಲ್ಲವೆಂದು ಅರ್ಜಿ ತಳ್ಳಿದರೆ

ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಆರ್‌ಬಿಐ ಬ್ಯಾಂಕುಗಳಿಗೆ ಸಲಹೆ ಮಾಡಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲೂ ಇದನ್ನು ಹೇಳಿದೆ. ಸಂಬಳದ ಚೀಟಿ, ಆದಾಯ ತೆರಿಗೆ ವಿವರ, ಒಂದು ವರ್ಷದ ಖಾತೆಯ ಹಾಳೆ ಹಿಡಿದು ಶಾಖೆಯ ಮ್ಯಾನೇಜರನ್ನೇ ಕಾಣಿ.

ಕಾರ್ಡ್ ಅಥವಾ ಸಾಲದ ಹೊಸ ಖಾತೆ ತೆರೆದ ಸುಮಾರು ಆರು ತಿಂಗಳಿಗೆ ಮೊದಲ ಅಂಕ ಕಾಣಿಸಿಕೊಳ್ಳುತ್ತದೆ. ವರದಿಯಲ್ಲಿ 36 ತಿಂಗಳವರೆಗಿನ ಪಾವತಿ ತಿಂಗಳುವಾರು ಕಾಣುತ್ತದೆ. ಆದ್ದರಿಂದ ಎರಡು ಮೂರು ವರ್ಷದಲ್ಲಿ ಮನೆ ಕಟ್ಟುವ ಯೋಚನೆ ಇದ್ದವರು ಕಾರ್ಡಿನ ಅರ್ಜಿಯನ್ನು ಈ ತಿಂಗಳೇ ಹಾಕಬೇಕು.